ಆಲೂಗಡ್ಡೆ ಪ್ರಯೋಗ: ನಾನು ಬರೆದದ್ದು ತಪ್ಪು

ಮಂಡ್ಯದ ಪಿಯುಸಿ ಮಕ್ಕಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಗಟ್ಟಿ ಸಕ್ಕರೆ ನೀರಲ್ಲಿಟ್ಟ ಆಲೂಗಡ್ಡೆ ತುಂಡು ಸಕ್ಕರೆ ಹೀರಿಕೊಂಡು ತೂಕ ಜಾಸ್ತಿ ಆಗುತ್ತದೆ.' ಅವಸರದಲ್ಲಿ ಅದನ್ನು ಮೊದಲು ಹಾಕಿದ್ದು ನಾನೇ.

ಆಗುವುದು ಉಲ್ಟಾ. ಜೀವಕೋಶದ ಪೊರೆ ದಾಟಿ ನೀರು ಸುಲಭವಾಗಿ ಓಡಾಡುತ್ತದೆ, ಸಕ್ಕರೆಗೆ ಅದು ಕಷ್ಟ. ಹೊರಗಿನ ದ್ರಾವಣ ಗಟ್ಟಿಯಿದ್ದರೆ ಒಳಗಿನ ನೀರೇ ಆಚೆ ಬಂದು ತುಂಡು ಮೆತ್ತಗಾಗಿ ತೂಕ ಇಳಿಯುತ್ತದೆ, ಕೋಸಂಬರಿಗೆ ಉಪ್ಪು ಹಾಕಿದ ಮೇಲೆ ಸೌತೆಕಾಯಿ ನೀರು ಬಿಡುತ್ತದಲ್ವಾ, ಹಾಗೆ. ಸಕ್ಕರೆ ಹಾಕದ ಬರೀ ನೀರಲ್ಲಿಟ್ಟರೆ ತೂಕ ಏರುತ್ತದೆ. ನಮ್ಮೂರಲ್ಲಿ ಸಕ್ಕರೆಗೇನು ಬರವೇ, ಮಾಡಿ ನೋಡಿ.

ಇನ್ನೊಂದು: ಈ ಪ್ರಯೋಗಕ್ಕೆ 1 ಮೋಲಾರ್ (ಲೀಟರಿಗೆ ಒಂದು ಮೋಲ್ ಸಕ್ಕರೆ ಇರುವ) ದ್ರಾವಣ ಮಾಡಲು 342 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಆಮೇಲೆ ಒಟ್ಟು 1 ಲೀಟರ್ ಆಗುವಷ್ಟು ನೀರು ಸೇರಿಸಿ.

ಹಳೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ, ಅಳಿಸಿಬಿಡಿ.