ಬ್ರಹ್ಮಾಂಡ ಮತ್ತು ಮುಂತಾದವರು

ಬ್ರಹ್ಮಾಂಡದ ಹುಟ್ಟು, ಮನುಷ್ಯನ ಹುಟ್ಟು ಎಂದು ಮೊನ್ನೆ ನಮ್ಮ ವಿಜಯಪುರದಲ್ಲಿ ನಡೆದ ಉಪನ್ಯಾಸದ ವರದಿಯನ್ನು ನೀವೂ ಓದಿರುತ್ತೀರಿ. ವೇದಿಕೆಯ ಮೇಲಿದ್ದ ಇಪ್ಪತ್ತೆರಡು ಮಂದಿಯ ಹೆಸರು ಇನಿಷಿಯಲ್ ಸಮೇತ ಬಂದಿತ್ತು. ಉಪನ್ಯಾಸ ಕೊಟ್ಟ ಖಗೋಳ ವಿಜ್ಞಾನಿ ‘ಮುಂತಾದವರು’ ಎಂಬ ಪದದೊಳಗೆ ಅಡಗಿದ್ದರು. ಬ್ರಹ್ಮಾಂಡವೂ ಅಲ್ಲೇ ಎಲ್ಲೋ ಇದ್ದಿರಬೇಕು.

ಆಮಂತ್ರಣ ಪತ್ರಿಕೆಯಲ್ಲೇ ಇದರ ಸೂಚನೆ ಇತ್ತು. ದಿವ್ಯ ಸಾನ್ನಿಧ್ಯ, ಬರೀ ಸಾನ್ನಿಧ್ಯ, ನೇತೃತ್ವ, ಅಧ್ಯಕ್ಷತೆ, ಉದ್ಘಾಟನೆ, ಘನ ಉಪಸ್ಥಿತಿ, ಇಷ್ಟು ಕಕ್ಷೆಗಳನ್ನು ದಾಟಿ ಹೋದರೆ ಪ್ಲೂಟೊ ಇರುವಷ್ಟು ದೂರದಲ್ಲಿ ಉಪನ್ಯಾಸಕರು ಸಿಗುತ್ತಿದ್ದರು. ಬಾಗಿಲಿನ ಫ್ಲೆಕ್ಸ್‌ನಲ್ಲಿ ದಾನಿಯೊಬ್ಬರ ಮೀಸೆಯ ಕೆಳಗೆ ಶನಿಗ್ರಹ, ಉಂಗುರ ಸಮೇತ, ಅಂಗಿಯ ಗುಂಡಿಯಷ್ಟು ಕಾಣುತ್ತಿತ್ತು.

ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ ಎಂದು ಪ್ರವಾಸಿಗರಿಗೆ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ವೇದಿಕೆ ಅದನ್ನೂ ಮೀರಿಸಿತು. ‘ಸಮಯದ ಅಭಾವವಿರುವುದರಿಂದ ನಾನು ಹೆಚ್ಚು ಮಾತನಾಡುವುದಿಲ್ಲ’ ಎಂಬ ಮಾತು ಒಂಬತ್ತು ಬಾಯಿಗಳಿಂದ ಕೇಳಿಬಂತು. ಪ್ರತಿಧ್ವನಿ ಒಂದೊಂದೂ ಹದಿನೈದು ನಿಮಿಷ.

ಐದಕ್ಕೆ ಎಂದದ್ದು ಆರಕ್ಕೆ ಶುರುವಾಗಿ ಒಂಬತ್ತಕ್ಕೆ ಉಪನ್ಯಾಸ ಮುಗಿಯಿತು. ಕುಳಿತು ಕುಳಿತು ಬೇಸರವಾಗಿ ನಾನು ಲೆಕ್ಕ ಹಾಕತೊಡಗಿದೆ. ಬ್ರಹ್ಮಾಂಡದ 1,380 ಕೋಟಿ ವರ್ಷಗಳನ್ನು ಈ ಮೂರು ಗಂಟೆಗೆ ಇಳಿಸಿದರೆ ಮಹಾಸ್ಫೋಟವಾದದ್ದು ಪ್ರಾರ್ಥನಾ ಗೀತೆಯ ಮೊದಲ ಸ್ವರಕ್ಕೆ. ಭೂಮಿ ಹುಟ್ಟುವಾಗ ರಾತ್ರಿ ಎಂಟು. ಅಲ್ಲಿಯವರೆಗೆ ಸೂರ್ಯನೂ ಇರಲಿಲ್ಲ, ಭೂಮಿಯೂ ಇರಲಿಲ್ಲ, ಹಾರ ತುರಾಯಿ ಮಾತ್ರ ಇತ್ತು. ವಿಜ್ಞಾನಿಯ ಕೈಗೆ ಮೈಕ್ ಬಂದಾಗ ಒಂಬತ್ತಕ್ಕೆ ಹನ್ನೊಂದು ನಿಮಿಷ. ನೆಲದ ಮೇಲೆ ಇನ್ನೂ ಒಂದು ಹುಲ್ಲುಕಡ್ಡಿಯೂ ಮೊಳೆತಿರಲಿಲ್ಲ. ‘ಬೇಗ ಮುಗಿಸಿ’ ಎಂಬ ಎರಡನೆಯ ಚೀಟಿ ಬರುವಷ್ಟರಲ್ಲಿ ಡೈನೋಸಾರ್‌ಗಳು ಅಳಿದುಹೋದವು. ಮನುಷ್ಯ ಹುಟ್ಟಿದ್ದು ಕೊನೆಯ ಕಾಲು ಸೆಕೆಂಡಿನಲ್ಲಿ, ಮೈಕ್ ಕಸಿದುಕೊಳ್ಳಲು.

ಉದ್ಘಾಟಕರು ಭಾಸ್ಕರಾಚಾರ್ಯರನ್ನು ಎಳೆದು ತಂದದ್ದನ್ನು ಹೇಳಲೇಬೇಕು. ಆತ ತನ್ನ ಊರು ವಿಜ್ಜಡವಿಡ ಎಂದು ಬರೆದಿದ್ದಾನೆ. ಅದು ವಿಜಯಪುರವೇ ಎನ್ನುವುದು ನಮ್ಮ ಪಟ್ಟು. ಅನೇಕ ಸಂಶೋಧಕರು ಮಹಾರಾಷ್ಟ್ರದ ಚಾಳೀಸಗಾಂವದ ಕಡೆಗೆ ಕೈ ತೋರಿಸುತ್ತಾರೆ. ತೋರಿಸಲಿ, ಮಹಾರಾಷ್ಟ್ರದೊಂದಿಗೆ ಗಡಿ ತಂಟೆ ನಮಗೇನು ಹೊಸದೇ? ಆದರೆ 1114ರಲ್ಲಿ ಹುಟ್ಟಿ, 36ನೆಯ ವಯಸ್ಸಿನಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದವನು ಒಂದು ಪ್ರಶ್ನೆ ಕೇಳಿದ್ದ. ಭೂಮಿಯನ್ನು ಯಾವುದೋ ಒಂದು ಹೊತ್ತು ನಿಂತಿದೆ ಎನ್ನುವುದಾದರೆ ಅದನ್ನು ಹೊತ್ತದ್ದು ಯಾವುದು? ಅದನ್ನು? ಕೊನೆಗೆ ಯಾವುದಾದರೂ ಒಂದು ಸ್ವಂತ ಬಲದಿಂದ ನಿಲ್ಲಲೇಬೇಕಲ್ಲ, ಅದು ಭೂಮಿಯೇ ಏಕಾಗಬಾರದು? ಈ ಪ್ರಶ್ನೆ ಭಾಷಣದಲ್ಲಿ ಬರಲಿಲ್ಲ, ಜೈಕಾರ ಮಾತ್ರ ಬಂತು. ಜೈಕಾರ ಹಾಕಿದವರೇ ಕೆಳಗಿಳಿದು, ಅಂಗಳದ ದೂರದರ್ಶಕಕ್ಕೆ ಪೂಜೆ ಮಾಡಿ, ನಿಂಬೆಹಣ್ಣು ಕಟ್ಟಿ, ಮಸೂರಕ್ಕೇ ಕುಂಕುಮ ಹಚ್ಚಿದರು. ಶನಿಯನ್ನು ನೋಡಲು ಸಾಲುಗಟ್ಟಿದ ಮಕ್ಕಳಿಗೆ ಮಂಗಳ ಕಂಡಿತು.

ನಾನೂ ನಕ್ಕೆ. ಆದರೆ 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ, ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು, ಊನ ವಾಸಿಯಾಗುತ್ತದೆಂದು. ಹೂತ ತಂದೆತಾಯಿಗಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಗ್ರಹಣವೆಂದರೆ ಚಂದ್ರನ ನೆರಳು, ಅದಕ್ಕೆ ಮಕ್ಕಳ ಕಾಲು ಗೊತ್ತಿಲ್ಲ ಎಂದು ಅವರಿಗೆ ಹೇಳಬೇಕಾದವರು ಎಲ್ಲಿದ್ದರು? ಇಂಥ ಯಾವುದೋ ವೇದಿಕೆಯ ಮೇಲೆ, ಶಾಲು ಹೊದ್ದುಕೊಂಡು. ಇನ್ನು ಮನುಷ್ಯನ ಉಗಮ! 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಹೊಸ ವಿಜ್ಞಾನ ಪುಸ್ತಕ ಜೀವವಿಕಾಸದ ಪಾಠವಿಲ್ಲದೆಯೇ ಬಂತು, ಮಕ್ಕಳ ಹೊರೆ ಇಳಿಸಲಿಕ್ಕಂತೆ. ಡಾರ್ವಿನ್ ಅಷ್ಟು ಭಾರವಿದ್ದನೆಂದು ನಮಗೆ ತಿಳಿದಿರಲಿಲ್ಲ. ಮೊರಾಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ, ಸುಮಾರು 3 ಲಕ್ಷ ವರ್ಷ ಹಿಂದಿನ ನಮ್ಮ ಹಿರಿಯರ ತಲೆಬುರುಡೆಯ ಚಿತ್ರ ಪರದೆಯ ಮೇಲೆ ಬರುವುದರಲ್ಲಿತ್ತು. ಅಷ್ಟರಲ್ಲಿ ಪ್ರೊಜೆಕ್ಟರ್ ಆರಿಸಿದರು. ಸನ್ಮಾನದ ಫೋಟೊ ಸರಿಯಾಗಿ ಬರುತ್ತಿರಲಿಲ್ಲವಂತೆ.

ವಂದನಾರ್ಪಣೆಯ ನಡುವೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ಮಹಾಸ್ಫೋಟಕ್ಕಿಂತ ಮೊದಲು ಏನಿತ್ತು ಎಂದು ಕೇಳಿದಳು. ನಿರೂಪಕರು, ಪ್ರಶ್ನೆಗಳಿಗೆ ಸಮಯವಿಲ್ಲ, ಉಪ್ಪಿಟ್ಟು ಆರುತ್ತಿದೆ ಎಂದರು. ವಿಜ್ಞಾನಿ ಏನೋ ಹೇಳಲು ಬಾಯಿ ತೆರೆದರು, ಮೈಕ್ ಇರಲಿಲ್ಲ.

ಸ್ವಾಗತ ಭಾಷಣ ಇತ್ತು, ಮಗಳೇ.