ವೀಲ್‌ಚೇರ್ ಇರುವ ಮನೆಯ ತಿಂಗಳ ಖರ್ಚು

"ನಿಮಗೇನ್ ಬಿಡಿ, ಪಿಂಚಣಿ ಇದೆ, ಬಸ್ ಪಾಸ್ ಇದೆ, ರೈಲಿನಲ್ಲಿ ರಿಯಾಯಿತಿ ಇದೆ" ಅನ್ನುವವರು ಜಾಸ್ತಿ. ಅವರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲ್ಲ, ಗೊತ್ತು. ಆದರೆ ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಹಿಡಿದ ನನ್ನಂಥವರ ಸಂಬಳ ಎಲ್ಲಿ ಕರಗುತ್ತದೆ ಅನ್ನೋದು ಹೊರಗಿನವರಿಗೆ ಕಾಣುವುದಿಲ್ಲ.

ಮೊದಲು ಬಾಡಿಗೆ. ಗ್ರೌಂಡ್ ಫ್ಲೋರ್ ಬೇಕು, ವೆಸ್ಟರ್ನ್ ಕಮೋಡ್ ಬೇಕು, ಬಾತ್‌ರೂಮ್ ಬಾಗಿಲಲ್ಲಿ ವೀಲ್‌ಚೇರ್ ಹಿಡಿಸಬೇಕು. ಇಷ್ಟೂ ಇರುವ ಮನೆ ಸಿಕ್ಕರೆ ಓನರ್ ಹೇಳಿದ್ದೇ ರೇಟು. ಬಸ್ ಪಾಸ್ ಜೇಬಲ್ಲೇ ಇದೆ, ಬಸ್ಸಿನ ಮೆಟ್ಟಿಲು ಹತ್ತುವುದು ಹೇಗೆ? ಹಾಗಾಗಿ ಆಫೀಸಿಗೆ ದಿನಾ ಆಟೋ. ಮಡಚಿ ಹಿಂದೆ ಇಟ್ಟ ಚೇರ್‌ಗೂ ಕೆಲವರು ಎಕ್ಸ್‌ಟ್ರಾ ಕೇಳುತ್ತಾರೆ. ಆಮೇಲೆ ಕ್ಯಾಥಿಟರ್ (ಮೂತ್ರ ಹೊರಗೆ ಹರಿಸುವ ನಳಿಕೆ), ಯೂರಿನ್ ಬ್ಯಾಗ್, ಡೈಪರ್, ಗ್ಲೌಸ್. ನಮ್ಮ ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ ಮಾತ್ರ, ದಿನನಿತ್ಯದ ಇವುಗಳಿಗೆ ಇಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ವೀಲ್‌ಚೇರ್ ಮೇಲೂ ಶೇ. 5 ತೆರಿಗೆ ಬಿತ್ತು. ನಡೆಯುವವರ ಕಾಲಿಗೆ ಸದ್ಯಕ್ಕೆ ತೆರಿಗೆ ಇಲ್ಲ!

ಹೊಸದಾಗಿ ವೀಲ್‌ಚೇರ್‌ಗೆ ಬಂದವರು ದಯವಿಟ್ಟು ಕುಶನ್ ವಿಷಯದಲ್ಲಿ ಜುಗ್ಗತನ ಮಾಡಬೇಡಿ. ಚೇರ್ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಅಳತೆ ಸರಿ ಇರಬೇಕು ಅಷ್ಟೆ. ಪಂಚರ್, ಟ್ಯೂಬ್ ಎಲ್ಲ ಸೈಕಲ್ ಶಾಪಿನಲ್ಲೇ ಆಗುತ್ತದೆ. ಡೈಪರ್ ಬಾಕ್ಸ್‌ಗಟ್ಟಲೆ ಹೋಲ್‌ಸೇಲಲ್ಲಿ ತಂದರೆ ಅಗ್ಗ. ಕುಶನ್ ಹಾಗಲ್ಲ. ನಮಗೆ ಕೆಳಗಡೆ ನೋವು ಗೊತ್ತಾಗುವುದಿಲ್ಲ. ಕುಶನ್ ಸರಿ ಇಲ್ಲದಿದ್ದರೆ ಒಂದೇ ಜಾಗಕ್ಕೆ ಭಾರ ಬಿದ್ದು ರಕ್ತ ಹರಿಯದೆ ಚರ್ಮ ಸಾಯುತ್ತದೆ. ಆ ಬೆಡ್‌ಸೋರ್ ಮೂಳೆ ಮುಟ್ಟಿದರೆ ಆಪರೇಷನ್, ತಿಂಗಳುಗಟ್ಟಲೆ ಹಾಸಿಗೆ. ಸಂಬಳವೂ ಕಟ್. ಕುಶನ್ನಿನಲ್ಲಿ ಉಳಿದ ದುಡ್ಡು ಡ್ರೆಸ್ಸಿಂಗಿಗೇ ಸಾಲದು.

ತೆರಿಗೆ ಕಟ್ಟುವವರಿಗೆ ಆದಾಯ ತೆರಿಗೆಯಲ್ಲಿ 80ಯು ಅಂತ ಕರೆಯುವ ಕಡಿತ ಇದೆ. ಶೇ. 40 ಅಂಗವೈಕಲ್ಯಕ್ಕೆ 75,000, ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಬಿಲ್ ಬೇಡ, ಸರ್ಟಿಫಿಕೇಟ್ ಸಾಕು. ಆದರೆ ಹಳೇ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಗೆ ಹೋದವರಿಗೂ ಉಳಿದಿರುವುದು ತಿಂಗಳ ಓಡಾಟದ ಭತ್ಯೆಗೆ ಒಂದು ಮಿತಿಯವರೆಗಿನ ವಿನಾಯಿತಿ. ಅದು ಸಂಬಳದ ಭಾಗವಾಗಿ ಬರಬೇಕು. ಎಚ್‌ಆರ್‌ನವರನ್ನು ಕೇಳಿ, ಅವರಿಗೂ ಎಷ್ಟೋ ಸಲ ಗೊತ್ತಿರಲ್ಲ.

ಆದರೆ ತೆರಿಗೆ ಕಟ್ಟುವಷ್ಟು ಸಂಪಾದನೆ ನಮ್ಮಲ್ಲಿ ಎಷ್ಟು ಜನಕ್ಕಿದೆ ಹೇಳಿ? ಉಳಿದವರ ಪಾಲಿಗೆ ಪಿಂಚಣಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಬೇರೆಯವರಿಗಿರುವ ಅಂಥದ್ದೇ ಯೋಜನೆಗಿಂತ ನಮಗೆ ಕನಿಷ್ಠ ಶೇ. 25 ಜಾಸ್ತಿ ಸಿಗಬೇಕು. 2021ರಲ್ಲಿ ನಮ್ಮ ರಾಜ್ಯದಲ್ಲಿ ವೃದ್ಧರ ಸಂಧ್ಯಾ ಸುರಕ್ಷಾ 1,000ದಿಂದ 1,200ಕ್ಕೆ ಏರಿತು. ಅದರ ಜೊತೆಗೇ ಶೇ. 40ರಿಂದ 75ರವರೆಗಿನ ಅಂಗವಿಕಲರ ಪಿಂಚಣಿ 600ರಿಂದ 800 ಆಯಿತು. 1,200ಕ್ಕೆ ಶೇ. 25 ಸೇರಿಸಿದರೆ 1,500. ಉಳಿದ 700 ಎಲ್ಲಿ ಸ್ವಾಮಿ?

ನನ್ನ ದೊಡ್ಡ ತಕರಾರು ಪಿಂಚಣಿ ಯಾರಿಗೆ ಅಂತ ತೀರ್ಮಾನಿಸುವ ಆದಾಯ ಮಿತಿಯ ಮೇಲೆ. ನನಗೂ ಪಕ್ಕದ ಮನೆಯವರಿಗೂ ಒಂದೇ ಸಂಬಳ ಅಂದುಕೊಳ್ಳಿ. ಅಧಿಕಾರಿ ನೋಡುವುದು ಆ ಅಂಕಿ ಒಂದೇ. ಅದರಲ್ಲಿ ಆಟೋ, ಡೈಪರ್, ನೋಡಿಕೊಳ್ಳುವವರ ಕೂಲಿ ಕಳೆದು ಎಷ್ಟು ಉಳಿಯಿತು ಅಂತ ಯಾರೂ ಕೇಳಲ್ಲ. ನೋಡಿಕೊಳ್ಳಲು ಹೆಂಡತಿಯೋ ಅಮ್ಮನೋ ಕೆಲಸ ಬಿಟ್ಟಿದ್ದರೆ ಆ ಸಂಬಳವೂ ಹೋಯಿತಲ್ವಾ? ಅದಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ.

ಹಾಗಾಗಿ ಅಂಗವಿಕಲರ ಸಂಘಗಳಿಗೆ ನನ್ನದೊಂದು ಸಲಹೆ. ಬಜೆಟ್‌ಗೆ ಮುಂಚೆ ಮನವಿ ಕೊಡುವಾಗ ಸುಮ್ನೆ "ಪಿಂಚಣಿ ಹೆಚ್ಚಿಸಿ" ಅಂತ ಬರೆದು ಬರಬೇಡಿ. ಅಂಗವೈಕಲ್ಯದ ಖರ್ಚು ಕಳೆದ ಮೇಲೆ ಉಳಿಯುವ ಆದಾಯಕ್ಕೆ ಮಿತಿ ಹಾಕಿ ಅಂತ ಕೇಳಿ. ಮೆಡಿಕಲ್ ಶಾಪ್ ಬಿಲ್‌ಗಳನ್ನೂ ಲಗತ್ತಿಸಿ. ನನ್ನವು ಬೇಕಿದ್ದರೆ ಕೊಡುತ್ತೇನೆ, ಒಂದು ಡಬ್ಬದ ತುಂಬಾ ಇವೆ.