ಅವ್ವ ತಿಕ್ಕದೆ ಉಳಿದ ರೂಪಾಯಿ

ವಿಜಯಪುರದ ನಮ್ಮ ಮನೆಯಲ್ಲಿ ದೀಪಾವಳಿಯ ಲಕ್ಷ್ಮೀ ಪೂಜೆಗೆ ಇಡೋ ಬೆಳ್ಳಿ ರೂಪಾಯಿ ಏಳಿವೆ. ಪ್ರತಿ ವರ್ಷ ಅವ್ವ ಅವನ್ನು ಹುಣಸೆಹಣ್ಣಿನ ನೀರಲ್ಲಿ ನೆನೆಸಿ, ವಿಭೂತಿ ಹಚ್ಚಿ, ಹಳೆ ಧೋತರದ ಚೂರಿನಿಂದ ತಿಕ್ಕುತ್ತಾಳೆ. ತಿಕ್ಕಿ ತಿಕ್ಕಿ ವಿಕ್ಟೋರಿಯಾ ರಾಣಿಯ ಮೂಗೇ ಸವೆದು ಹೋಗಿದೆ. ಹೊಳಪಿಗೇನೂ ಕಡಿಮೆ ಇಲ್ಲ ಬಿಡಿ.

ಎರಡು ವರ್ಷದ ಹಿಂದೆ ಮುತ್ಯಾನ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಕಂಬಳಿ ಚೂರಿನ ಒಂದು ಗಂಟು ಸಿಕ್ಕಿತು. ಒಳಗೆ ಮೂರು ರೂಪಾಯಿ, ಒಂದರ ಮೇಲೊಂದು. ಮೂರೂ 1919ರವು, ಐದನೇ ಜಾರ್ಜ್ ರಾಜನವು. ಹೆಚ್ಚು ಓಡಾಡಿದ ಹಾಗೆ ಕಾಣಲಿಲ್ಲ. ಮೇಲಿನದನ್ನು ಕಿಟಕಿ ಬೆಳಕಿಗೆ ಹಿಡಿದು ಸ್ವಲ್ಪ ಓರೆ ಮಾಡಿದೆ. ಅಂಚಿನಲ್ಲಿ ನವಿಲುಗರಿಯ ನೀಲಿ, ಅದರ ಒಳಗೆ ನೇರಳೆ, ಆಮೇಲೆ ಕೆಂಪು ಕಂದು, ರಾಜನ ಕೆನ್ನೆಯ ಹತ್ತಿರ ತಿಳಿ ಬಂಗಾರ. ತಿರುವಿ ಹಾಕಿದರೆ ಹಿಂಬದಿ ಬೆಳ್ಳಗೆ. ಮಧ್ಯದ ನಾಣ್ಯ ಒಂಚೂರು ಜರುಗಿತ್ತು. ಹೊರಗೆ ಉಳಿದಷ್ಟು ಜಾಗಕ್ಕೆ ಮಾತ್ರ ಚೌತಿ ಚಂದ್ರನ ಹಾಗೆ ಬಣ್ಣ ಬಂದಿತ್ತು.

ಅವ್ವ ನೋಡಿದ್ದೇ, "ಅಯ್ಯ, ಎಷ್ಟ್ ಕಲೆ ಬಿದ್ದಾವೋ! ತಾ ಇಲ್ಲೆ, ತಿಕ್ಕಿ ಕೊಡ್ತೀನಿ" ಅಂದಳು. ಕೈಯಿಂದ ಕಸಿದುಕೊಂಡೆ. ಬೈಸಿಕೊಂಡೆ ಕೂಡ.

ಅದು ಕಲೆ ಅನ್ನೋದೂ ಸುಳ್ಳಲ್ಲ. ಬೆಳ್ಳಿಗೆ ಗಂಧಕ ತಾಗಿದರೆ ಮೇಲೆ ಒಂದು ತೆಳು ಪದರ ಕೂರುತ್ತದೆ. ಅದರಿಂದ ಬರೋ ಬಣ್ಣಕ್ಕೆ ನಾಣ್ಯ ಕೂಡಿಸೋರು 'ಟೋನಿಂಗ್' ಅಂತಾರೆ. ಗಂಧಕ ಗಾಳಿಯಲ್ಲಿದೆ, ಹಳೆ ರಟ್ಟಿನಲ್ಲಿದೆ, ಉಣ್ಣೆಯಲ್ಲೂ ಇದೆ. ಅಂದರೆ ಮುತ್ಯಾನ ಕಂಬಳಿಯೇ ನಮ್ಮ ಚಿತ್ರಕಾರ. ಆ ಪದರಕ್ಕೆ ಬಣ್ಣ ಬಳಿದಿಲ್ಲ. ಮಳೆಗಾಲದಲ್ಲಿ ರಸ್ತೆ ನೀರಿನ ಮೇಲೆ ಡೀಸೆಲ್ ಹನಿ ಬಿದ್ದರೆ ಕಾಮನಬಿಲ್ಲು ಕಾಣುತ್ತದಲ್ಲ, ಇದೂ ಬೆಳಕಿನದೇ ಆಟ. ಪದರ ದಪ್ಪ ಆಗುತ್ತಾ ಹೋದ ಹಾಗೆ ಬಣ್ಣ ಒಂದು ಸಾಲಿನಲ್ಲಿ ಬರುತ್ತದೆ. ಮೊದಲು ಹಳದಿ, ಆಮೇಲೆ ಕೆಂಪು ಕಂದು, ನೇರಳೆ, ನೀಲಿ. ಇನ್ನೂ ದಪ್ಪವಾದರೆ ಮತ್ತೆ ಹಳದಿಯಿಂದ ಶುರು. ಗಾಢ ಹಸಿರು ಬರೋದು ಈ ಎರಡನೇ ಸುತ್ತಿನಲ್ಲಿ. ಕೊನೆಗೆ ಕಪ್ಪು. ತಿಕ್ಕಿದರೆ ಬಣ್ಣ ಒಂದೇ ಹೋಗೋದಿಲ್ಲ, ಆ ಪದರದಲ್ಲಿರೋ ಬೆಳ್ಳಿಯೂ ಹೋಗುತ್ತದೆ.

ಸರಾಫರ ಅಂಗಡಿಗೆ ಒಯ್ದೆ. ಅವರು ತಕ್ಕಡಿಗೆ ಹಾಕಿ, "ತ್ವಾಲಿ ಬರೋಬ್ಬರಿ ಐತ್ರೀ, ಆದ್ರ ತೊಳ್ದ ತರಬೇಕಿತ್ರೀ" ಅಂದರು. ಅವರದು ತಪ್ಪಲ್ಲ. ಒಂದು ತೊಲ, ಅಂದರೆ 11.66 ಗ್ರಾಂ ತೂಕ, ಅದರಲ್ಲಿ ನೂರಕ್ಕೆ 91.7 ಬೆಳ್ಳಿ. ಅವರ ಲೆಕ್ಕ ಅಲ್ಲಿಗೆ ಮುಗೀತು.

ಈಗ ನನ್ನ ತಕರಾರಿಗೆ ಬರ್ತೀನಿ. ಒಂದು ಕಡೆ ಇದನ್ನು ಕೊಳೆ ಅನ್ನೋರು. ಇನ್ನೊಂದು ಕಡೆ ಮೊಬೈಲಿನಲ್ಲಿ 'ರೇನ್‌ಬೋ ಟೋನಿಂಗ್, ಅಪರೂಪ' ಅಂತ ಹಾಕಿ ಬಾಯಿಗೆ ಬಂದಷ್ಟು ರೇಟು ಹೇಳೋರು. ಈ ಎರಡನೆಯವರ ಮೇಲೆ ನನಗೆ ಸಿಟ್ಟು ಜಾಸ್ತಿ. ಯಾಕಂದ್ರೆ ಬಣ್ಣ ಬರಿಸೋದು ಎಷ್ಟು ಸುಲಭ ಅಂತ ನಾನೇ ಮಾಡಿ ನೋಡಿದ್ದೇನೆ. ಅರ್ಧದಷ್ಟೇ ಬೆಳ್ಳಿ ಇರೋ 1944ರ ಒಂದು ರೂಪಾಯಿಯನ್ನು ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮೊಟ್ಟೆಯಲ್ಲೂ ಗಂಧಕ ಇದೆಯಲ್ಲ. (ನಮ್ಮ ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ. ಗೆಳೆಯನ ಮನೆಯಲ್ಲಿ ಈ ಪಾಪ ಕಟ್ಟಿಕೊಂಡೆ.) ಸಂಜೆಗೆ ಹಳದಿ, ಬೆಳಗ್ಗೆ ನೇರಳೆ, ನೀಲಿ. ಕಂಬಳಿ ಹತ್ತಾರು ವರ್ಷ ತಗೊಂಡ ಕೆಲಸ ಒಂದು ರಾತ್ರಿಗೆ ಮುಗಿದಿತ್ತು!

ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಟ್ರಂಕಿನ ನಾಣ್ಯದಲ್ಲಿ ಬಣ್ಣ ಮೆಲ್ಲಗೆ ಒಂದರೊಳಗೊಂದು ಕರಗುತ್ತದೆ. ಅಕ್ಷರದ ಪಕ್ಕಕ್ಕೆ ಬಂದಾಗ ತೆಳುವಾಗಿ ಹಿಂದೆ ಸರಿಯುತ್ತದೆ. ಓರೆ ಮಾಡಿದರೆ ಬಣ್ಣದ ಅಡಿಯಿಂದ ಟಂಕಸಾಲೆಯ ಹೊಳಪು ಸುತ್ತು ಹಾಕುತ್ತದೆ. ಮೊಟ್ಟೆಯದ್ದರಲ್ಲಿ ಹಳದಿ ಪಕ್ಕಕ್ಕೇ ನೀಲಿ, ನಡುವೆ ಏನೂ ಇಲ್ಲ. ನಿನ್ನೆ ಮೊನ್ನೆಯ ಗೀರಿನೊಳಗೂ ಅದೇ ಬಣ್ಣ. ಸವೆದು ಬೋಳಾದ ರೂಪಾಯಿ ಮೇಲೆ ಹೋಳಿ ಹುಣ್ಣಿಮೆ ಕಂಡರೆ ಅನುಮಾನ ಪಡಿ. ಹಾಗಂತ ಇದು ಗಟ್ಟಿ ಪರೀಕ್ಷೆ ಅಲ್ಲ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡೋ ಅಮೆರಿಕದ ಪಿಸಿಜಿಎಸ್, ಎನ್‌ಜಿಸಿಯಂಥ ದೊಡ್ಡ ಸಂಸ್ಥೆಗಳೂ ನಾಣ್ಯದ ಮುಖ ನೋಡಿಯೇ ತೀರ್ಪು ಕೊಡೋದು. ಅದು ಎಲ್ಲಿ, ಎಷ್ಟು ವರ್ಷ ಕೂತಿತ್ತು ಅಂತ ನೋಡಿದವರು ಯಾರಿದ್ದಾರೆ?

ಹಸಿರು ಜಿಗುಟು ಬೇರೆ ವಿಷಯ. ಅದು ಅಗ್ಗದ ಪಿವಿಸಿ ಕವರಿನ ಕಾಟ, ಟೋನಿಂಗ್ ಅಲ್ಲ. ರಬ್ಬರ್ ಬ್ಯಾಂಡ್ ಅಂತೂ ಹಾಕಲೇಬೇಡಿ, ಕಪ್ಪು ಗೆರೆ ಬೀಳುತ್ತದೆ.

ಮೂರರಲ್ಲಿ ಒಂದನ್ನು ಕೊನೆಗೆ ಬೆಂಗಳೂರಿನ ಒಬ್ಬ ಸಂಗ್ರಹಕಾರರಿಗೆ ಕೊಟ್ಟೆ. ಮೊದಲು ನಾನು ಕಳಿಸಿದ್ದು ಒಂದೇ ಫೋಟೋ, ಬಣ್ಣ ಧಗಧಗ ಉರಿಯೋ ಕೋನದ್ದು. ಅವರು ಕೇಳಿದ್ದು ಒಂದೇ ಮಾತು: "ಸರ್, ನೇರವಾಗಿ ಇಟ್ಟಾಗ ಹೇಗೆ ಕಾಣುತ್ತೆ?" ನಾಚಿಕೆ ಆಯ್ತು. ಮೇಜಿನ ಮೇಲೆ ಮಲಗಿಸಿದಾಗ ಅದು ಮುಕ್ಕಾಲು ಪಾಲು ಮಂಕು ಬೂದು. ಅದನ್ನೂ ತೆಗೆದೆ, ಹಿಂಬದಿ ತೆಗೆದೆ, ಕೈಯಲ್ಲಿ ಹಿಡಿದು ತಿರುಗಿಸುವ ವಿಡಿಯೋ ಕಳಿಸಿದೆ. ಕಂಬಳಿ ಚೂರಿನ ಫೋಟೋ ಕೂಡ. ತೂಕದ ಬೆಲೆಗಿಂತ ಎರಡೂವರೆ ಪಟ್ಟು ಸಿಕ್ಕಿತು. ಲಕ್ಷ ಅಲ್ಲ. ಬಣ್ಣಕ್ಕೆ ಪಟ್ಟಿ ದರ ಅಂತ ಇಲ್ಲ, ಮೆಚ್ಚಿದವರು ಕೊಟ್ಟಷ್ಟು. ಹಳೆ ನಾಣ್ಯಕ್ಕೆ ಲಕ್ಷ ಕೊಡಿಸ್ತೀವಿ, ಮೊದಲು ಕಮಿಷನ್ ಕಟ್ಟಿ ಅನ್ನೋ ಫೋನ್ ಬಂದರೆ ಇಟ್ಟುಬಿಡಿ. ತನ್ನ ಹೆಸರಲ್ಲೇ ಹೀಗೆ ದುಡ್ಡು ಕೇಳ್ತಾರೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಬಣ್ಣದ ನಾಣ್ಯದ ಹುಚ್ಚು ಜೋರಾಗಿರೋದು ಅಮೆರಿಕದಲ್ಲಿ. ಅಲ್ಲಿಯ ಮಾರ್ಗನ್ ಡಾಲರ್ ಅನ್ನೋ ಹಳೆ ಬೆಳ್ಳಿ ನಾಣ್ಯಗಳು ಸಾವಿರಕ್ಕೊಂದು ಚೀಲದಂತೆ ಖಜಾನೆಯಲ್ಲಿ ಹತ್ತಾರು ವರ್ಷ ಬಿದ್ದಿದ್ದವು. ಚೀಲದ ಬಟ್ಟೆಗೆ ತಾಗಿದವು ಕಾಮನಬಿಲ್ಲಾದವು. ಕೆಲವಕ್ಕೆ ಬಟ್ಟೆಯ ನೇಯ್ಗೆಯೇ ಅಚ್ಚಾಗಿದೆ. ಮಜಾ ಕೇಳಿ. ಅಲ್ಲಿಯ 1918ರ ಪಿಟ್‌ಮನ್ ಕಾಯ್ದೆಯ ಕೆಳಗೆ ಅಂಥ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿದರು. ಯುದ್ಧದ ಹೊತ್ತಲ್ಲಿ ಇಲ್ಲಿ ರೂಪಾಯಿಗೆ ಬೆಳ್ಳಿ ಸಾಲದೆ, ಅದರಲ್ಲಿ ಬಹುಪಾಲು ಬ್ರಿಟಿಷರು ಕೊಂಡು ಭಾರತಕ್ಕೆ ತಂದರು. ಮುತ್ಯಾನ 1919ರ ರೂಪಾಯಿಯಲ್ಲಿ ಆ ಬೆಳ್ಳಿ ಇದ್ದರೂ ಇರಬಹುದು. ವಾಪಸ್ ಅಲ್ಲಿಗೆ ಮಾರೋಣ ಅಂದರೆ ಆಗಲ್ಲ. ನೂರು ವರ್ಷ ದಾಟಿದ ನಾಣ್ಯ ನಮ್ಮ ದೇಶದ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ನಮ್ಮಂಥವರು ದೇಶದ ಹೊರಗೆ ಕಳಿಸುವ ಹಾಗಿಲ್ಲ.

ಉಳಿದ ಎರಡು ಟ್ರಂಕಿನಲ್ಲೇ ಇವೆ. ಕಂಬಳಿಯಿಂದ ಬಿಡಿಸಿ ಒಳ್ಳೆ ಡಬ್ಬಿಗೆ ಹಾಕಿದ್ದೇನೆ, ಇಲ್ಲಾಂದ್ರೆ ಕಪ್ಪಾಗೋವರೆಗೂ ಬಿಡಲ್ಲ ಅದು. ಕಳೆದ ದೀಪಾವಳಿಗೆ ಅವ್ವ, "ಆ ಕಲೆ ಬಿದ್ದದ್ದೂ ಒಂದ್ ಕೊಡೋ, ಲಕ್ಷ್ಮೀ ಮುಂದ ಇಡ್ತೀನಿ" ಅಂದಳು. ಕೊಟ್ಟೆ. ಪೂಜೆ ಮುಗಿಯೋವರೆಗೂ ಹುಣಸೆಹಣ್ಣಿನ ಬಟ್ಟಲ ಪಕ್ಕದಿಂದ ಏಳಲಿಲ್ಲ ನಾನು.